ಮುಹೂರ್ತದಿಂದ ಹಿಂದಕ್ಕೆ ಎಣಿಸಿ: ವಿಶೇಷ ವಿವಾಹಕ್ಕೆ ನೋಟಿಸ್ ಯಾವಾಗ?

ಇಬ್ಬರೂ ಹಿಂದೂಗಳಾಗಿದ್ದು ಶಾಸ್ತ್ರೋಕ್ತವಾಗಿ ಮದುವೆಯಾಗುವುದಾದರೆ ಅವಸರವಿಲ್ಲ. ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ, ಫೋಟೊ, ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳೊಂದಿಗೆ ನೋಂದಣಿ ಮಾಡಿಸಬಹುದು. ಧರ್ಮ ಬೇರೆಯಾಗಿದ್ದು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ಮಾತ್ರ ಛತ್ರ ಬುಕ್ ಮಾಡುವ ಮುಂಚೆಯೇ ದಿನಗಳ ಲೆಕ್ಕ ಹಾಕಬೇಕು.

ಮೊದಲು ಊರು ಗೊತ್ತುಮಾಡಿಕೊಳ್ಳಿ. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್‌ಗೆ (ಮದುವೆಯಾಗುತ್ತೇವೆಂದು ವಿವಾಹಾಧಿಕಾರಿಗೆ ಬರೆದುಕೊಡುವ ಸೂಚನೆ) ಮುಂಚೆ ಸತತ 30 ದಿನ ಆ ಕಚೇರಿಯ ವ್ಯಾಪ್ತಿಯಲ್ಲಿ ವಾಸವಿರಬೇಕು. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಹುಡುಗಿ ಬೇಲೂರಿನಲ್ಲೇ ಇದ್ದರೆ ಬೇಲೂರಿನ ಸಬ್ ರಿಜಿಸ್ಟ್ರಾರ್ ಕಚೇರಿ ಸಾಕು. ಇಬ್ಬರೂ ಹೊರಗಿದ್ದು, ಊರಲ್ಲಿ ಮನೆಯಿದೆ ಎಂಬ ಕಾರಣಕ್ಕೆ ಅಲ್ಲಿ ಅರ್ಜಿ ಹಾಕಿದರೆ ತಕರಾರಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಎಡವುವುದು ಹೆಚ್ಚಾಗಿ ಮುಂದಿನ ಲೆಕ್ಕದಲ್ಲಿ. ಮದುವೆಗೆ ಯಾರಾದರೂ ಆಕ್ಷೇಪಣೆ ಸಲ್ಲಿಸಲು ಇರುವ 30 ದಿನ ಶುರುವಾಗುವುದು ನೋಟಿಸ್ ಕಚೇರಿಯ ಫಲಕದಲ್ಲಿ ಪ್ರಕಟವಾದ ದಿನದಿಂದ. ಮದುವೆ ಮುಗಿಸಬೇಕಾದ ಮೂರು ತಿಂಗಳ ಗಡುವು ಓಡುವುದು ನೋಟಿಸ್ ಕೊಟ್ಟ ದಿನದಿಂದ. ಮೇ 24ಕ್ಕೆ ಮದುವೆ ಎನ್ನಿ. ಫೆಬ್ರುವರಿ 10ಕ್ಕೇ ಕೊಟ್ಟರೆ ಮೇ 10ರ ಹೊತ್ತಿಗೆ ನೋಟಿಸ್ ರದ್ದಾಗಿ ಎಲ್ಲವೂ ಮೊದಲಿನಿಂದ. ಏಪ್ರಿಲ್ 30ಕ್ಕೆ ಕೊಟ್ಟರೆ 30 ದಿನವೇ ತುಂಬುವುದಿಲ್ಲ. ಮಾರ್ಚ್ 20ರ ಸುಮಾರಿಗೆ ಕೊಡುವುದು ಸರಿ. ಯಾರಾದರೂ ಆಕ್ಷೇಪ ಎತ್ತಿದರೂ ಅಧಿಕಾರಿ 30 ದಿನದೊಳಗೆ ವಿಚಾರಣೆ ಮುಗಿಸಿ ತೀರ್ಮಾನಿಸಬೇಕು. ಏಪ್ರಿಲ್ ಮಧ್ಯದ ತಕರಾರು ಮೇ ಮಧ್ಯಕ್ಕೆ ಇತ್ಯರ್ಥವಾಗುತ್ತದೆ. ನೋಟಿಸ್ ಕೊಟ್ಟು ಸುಮ್ಮನಾಗಬೇಡಿ, ಫಲಕಕ್ಕೆ ಯಾವ ದಿನ ಹಾಕಿದರೆಂದು ವಿಚಾರಿಸಿ ಬರೆದಿಟ್ಟುಕೊಳ್ಳಿ.

ನೋಟಿಸ್‌ಗೂ ಮುಂಚೆ ಹೆಸರು ತಾಳೆ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಚ್.ಆರ್.’ ಎಂಬ ಇನಿಷಿಯಲ್ ಇದ್ದು ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರಿದ್ದರೆ ಮೊದಲು ಅದನ್ನು ಸರಿಪಡಿಸಿ. ಮುಂದೆ ಪಾಸ್‌ಪೋರ್ಟ್, ವೀಸಾಕ್ಕೆ ಹೋದಾಗ ಇದೇ ಕಾಡುತ್ತದೆ. ಮರುಮದುವೆಯಾದರೆ ವಿಚ್ಛೇದನದ ತೀರ್ಪಿನ ದೃಢೀಕೃತ ಪ್ರತಿ ಅಥವಾ ಮರಣ ಪ್ರಮಾಣಪತ್ರವೂ ಬೇಕು.

ಛತ್ರದ ಕಾರ್ಯಕ್ರಮ ಭಾನುವಾರ ಇದ್ದರೆ ಕಚೇರಿಗೆ ಸಾಮಾನ್ಯವಾಗಿ ರಜೆ; ಎರಡನೇ, ನಾಲ್ಕನೇ ಶನಿವಾರವೂ ಅಷ್ಟೆ. ಆದ್ದರಿಂದ ಶುಕ್ರವಾರಕ್ಕೆ ಸಮಯ ಕೇಳಿ, ಮೂವರು ಸಾಕ್ಷಿಗಳನ್ನು ಗುರುತಿನ ಚೀಟಿ ಸಮೇತ ಕರೆದೊಯ್ಯಿರಿ. ಕಾನೂನಿನ ಪ್ರಕಾರ ಮದುವೆಯ ದಿನ ಆ ಶುಕ್ರವಾರವೇ ಆಗುತ್ತದೆ, ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ. ಸಹಿ ಹಾಕುವ ಮುನ್ನ ಪ್ರಮಾಣಪತ್ರದ ಒಂದೊಂದು ಅಕ್ಷರವನ್ನೂ ಓದಿ ನೋಡಿ.