ರಟ್ಟಿನ ಮರೆಯ ಹಿಂದೆ ಒಬ್ಬರೇ

ನಾನು ಪ್ರೌಢಶಾಲೆಯ ಶಿಕ್ಷಕ. ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕೆಲಸ ಮಾಡಿದ್ದೇನೆ. ಈ ಕೆಲಸದ ಬಗ್ಗೆ ಕೇಳುವವರು ಹೆಚ್ಚಾಗಿ ಮತಯಂತ್ರದ ವಿಷಯ ಕೇಳುತ್ತಾರೆ, ಇಲ್ಲವೇ ಗಲಾಟೆಯ ವಿಷಯ. ದಿನವಿಡೀ ನನ್ನ ಕಣ್ಣಿರುವುದು ಮಾತ್ರ ಕೋಣೆಯ ಮೂಲೆಯ ರಟ್ಟಿನ ಮರೆಯ ಮೇಲೆ. ಮತದಾರ ಅದರ ಹಿಂದೆ ಹೋಗಿ ಗುಂಡಿ ಒತ್ತುವಷ್ಟು ಹೊತ್ತು ಗಂಡನಾಗಲಿ, ಧಣಿಯಾಗಲಿ, ಸಾಲ ಕೊಟ್ಟವನಾಗಲಿ, ಸರ್ಕಾರಿ ನೌಕರನಾದ ನಾನಾಗಲಿ ಅತ್ತ ಇಣುಕುವಂತಿಲ್ಲ. ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಕೊಟ್ಟ ಹಕ್ಕು ಅಷ್ಟು ಜಾಗದಲ್ಲಿ ಉಳಿಯಬೇಕು, ಇಲ್ಲವೇ ಅಲ್ಲೇ ಹೋಗಬೇಕು.

ಆದ್ದರಿಂದ ಚುನಾವಣಾ ಸಾಮಗ್ರಿ ಹಂಚುವ ಮಸ್ಟರಿಂಗ್ ಕೇಂದ್ರದಿಂದ ಅದನ್ನು ಹೊತ್ತು ಮತಗಟ್ಟೆಗೆ ಬಂದ ಕೂಡಲೇ ನಾನು ನೋಡುವುದು ಕಿಟಕಿಗಳನ್ನು. ಮರೆಯನ್ನು ಕಿಟಕಿಯ ಪಕ್ಕ ಇಟ್ಟರೆ ಹೊರಗೆ ನಿಂತವರಿಗೆ ಕೈಯ ಚಲನೆ ಕಾಣುತ್ತದೆ. ಅಭ್ಯರ್ಥಿಗಳ ಪರವಾಗಿ ಕೂರುವ ಏಜೆಂಟರ ಬೆಂಚಿನಿಂದ ಕಾಣುವಂತೆಯೂ ಇರಬಾರದು. ಒತ್ತಿದ ಗುರುತನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಮೇಲೆ ನೇರ ಬೆಳಕು ಬೀಳಬಾರದು. ತರಗತಿಯ ಕೋಣೆಗಳು ಇದಕ್ಕೆಂದು ಕಟ್ಟಿದವಲ್ಲವಾದ್ದರಿಂದ ಮೇಜುಗಳನ್ನು ಎಳೆದಾಡಿ, ಕಿಟಕಿ ಮುಚ್ಚಿ, ನಾನೇ ಮತದಾರನಂತೆ ಒಳಗೆ ನಿಲ್ಲುತ್ತೇನೆ. ಸಹೋದ್ಯೋಗಿಗಳನ್ನು ಎಲ್ಲ ದಿಕ್ಕಿನಿಂದ ನೋಡಲು ಹೇಳುತ್ತೇನೆ. ಯಾರಿಗೂ ಬೆರಳು ಕಾಣಿಸದಿದ್ದರೆ ಜಾಗ ಖಚಿತ.

ಬೆಳಿಗ್ಗೆ ಮತದಾನಕ್ಕೆ 90 ನಿಮಿಷ ಮೊದಲು ಏಜೆಂಟರ ಎದುರು, ಯಂತ್ರ ಸರಿಯಿದೆಯೇ ಎಂದು ನೋಡುವ ಅಣಕು ಮತದಾನ. ಕನಿಷ್ಠ 50 ಮತ ಹಾಕಿ, ಎಣಿಕೆಯನ್ನೂ ಚೀಟಿಗಳನ್ನೂ ತಾಳೆ ನೋಡಿ, ಎಲ್ಲವನ್ನೂ ಅಳಿಸಿ, ಚೀಟಿಗಳನ್ನು ಹೊರತೆಗೆದು ಮೊಹರು ಮಾಡಬೇಕು. ಅವಸರದಲ್ಲೂ ಯಾವ ಹಂತವನ್ನೂ ಬಿಡುವಂತಿಲ್ಲ.

ಮೊದಲನೇ ಮತಗಟ್ಟೆ ಅಧಿಕಾರಿ ಪ್ರತಿಯೊಬ್ಬರ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಆಕ್ಷೇಪವಿದ್ದರೆ ಏಜೆಂಟರು ಹೇಳಲೆಂದು ಈ ಕ್ರಮ. ಆದರೆ ಹೆಂಗಸರ ಹೆಸರು ಕಿವಿಗೆ ಬಿದ್ದಾಗ ನನಗೆ 1951-52ರ ಮೊದಲ ಮಹಾಚುನಾವಣೆ ನೆನಪಾಗುತ್ತದೆ. ಆಗ ಬಹಳಷ್ಟು ಮಹಿಳೆಯರು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು, ಸ್ವಂತ ಹೆಸರು ಹೇಳಲಿಲ್ಲ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಕಠಿಣವಾದ ನಿರ್ಧಾರ, ಆದರೂ ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಮತ ಮನೆತನದ್ದಲ್ಲ, ಆ ಹೆಸರಿನ ವ್ಯಕ್ತಿಯದು.

ಆ ಹೆಸರಿನವರನ್ನು ಒಬ್ಬರೇ ಒಳಗೆ ಬಿಡುವುದಕ್ಕೆ ಇಂದಿಗೂ ಜಗ್ಗಾಡಬೇಕಾಗುತ್ತದೆ. "ಸಾರ್, ಅವಳಿಗೆ ಓದು ಬರುವುದಿಲ್ಲ, ನಾನೇ ಒತ್ತಿಸುತ್ತೇನೆ" ಎಂದು ಹೆಂಡತಿಯ ಹಿಂದೆಯೇ ಹೊರಡುವ ಗಂಡಂದಿರು ಪ್ರತಿ ಚುನಾವಣೆಯಲ್ಲೂ ಇರುತ್ತಾರೆ. ಅಂಧರಿಗೆ, ಅಶಕ್ತರಿಗೆ ಮಾತ್ರ ಜೊತೆಗಾರರನ್ನು ಬಿಡಲು ನಿಯಮವಿದೆ. ಜೊತೆಗಾರನಿಗೆ 18 ವರ್ಷ ತುಂಬಿರಬೇಕು. ಆ ದಿನ ಬೇರೆ ಯಾರಿಗೂ ಜೊತೆಯಾಗಿಲ್ಲ, ಮತದ ಗುಟ್ಟು ಕಾಪಾಡುತ್ತೇನೆ ಎಂದು ಬರೆದುಕೊಡಬೇಕು. ಅಕ್ಷರ ಬಾರದಿರುವುದು ಅಶಕ್ತತೆಯಲ್ಲ, ಚಿಹ್ನೆಗಳಿರುವುದೇ ಅದಕ್ಕೆ. ನಾನು ಏರುದನಿಯಲ್ಲಿ ವಾದಿಸುವುದಿಲ್ಲ. "ಯಜಮಾನರೇ, ನೀವು ಇಲ್ಲಿ ಕುಳಿತುಕೊಳ್ಳಿ" ಎಂದು ಕುರ್ಚಿ ತೋರಿಸಿ, ಆ ತಾಯಿಗೆ ರಟ್ಟಿನ ಮಾದರಿಯಲ್ಲಿ ಗುಂಡಿ ಒತ್ತುವುದನ್ನು ಏಜೆಂಟರ ಎದುರೇ ವಿವರಿಸುತ್ತೇನೆ. "ಅವ್ವಾ, ನಿಮಗೆ ಬೇಕಾದ ಗುರುತಿನ ಪಕ್ಕದ ನೀಲಿ ಗುಂಡಿ ಒತ್ತಿ. ಯಾವುದೆಂದು ನನಗೂ ಹೇಳಬೇಡಿ, ಹೊರಗೆ ಹೋದ ಮೇಲೆ ಯಾರಿಗೂ ಹೇಳಬೇಕಾಗಿಲ್ಲ." ಈ ಕೊನೆಯ ಮಾತನ್ನು ಗಂಡನಿಗೂ ಕೇಳಿಸುವಂತೆ ಹೇಳುತ್ತೇನೆ. ಮತದ ಗೋಪ್ಯತೆ ಕಾಪಾಡುವುದು ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 128ನೇ ಕಲಮಿನಡಿ ನನ್ನ ಹೊಣೆ. ಅದನ್ನು ಮುರಿದರೆ ಸಿಬ್ಬಂದಿಗೆ ಶಿಕ್ಷೆಯೂ ಉಂಟು.

ಇನ್ನೊಂದು ಇಕ್ಕಟ್ಟು, ಮತದಾರ ಬರುವಷ್ಟರಲ್ಲಿ ಅವರ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿ ಹೋಗಿರುವುದು. ಬಂದವರು ಸಿಟ್ಟಿನಿಂದ ಹಿಂದಿರುಗಿಬಿಡುತ್ತಾರೆ. ಹಿಂದಿರುಗಬಾರದು. ಗುರುತು ಖಚಿತವಾದರೆ ಅವರಿಗೆ ಕಾಗದದ ಮತಪತ್ರ ಕೊಡಲೇಬೇಕು. ಅದಕ್ಕೆ ಟೆಂಡರ್ ಮತ ಎನ್ನುತ್ತಾರೆ. ಅದು ಬೇರೆ ಲಕೋಟೆಯಲ್ಲಿ ಉಳಿಯುತ್ತದೆ, ಸಾಮಾನ್ಯ ಎಣಿಕೆಗೆ ಸೇರುವುದಿಲ್ಲ. ವಿವಾದ ನ್ಯಾಯಾಲಯಕ್ಕೆ ಹೋದರೆ ಅದಕ್ಕೆ ಬೆಲೆ ಬರುತ್ತದೆ. ಒಂದು ಮತದಿಂದ ಏನಾದೀತು ಎನ್ನುವವರಿಗೆ ನಾನು 2004ರ ವಿಧಾನಸಭಾ ಚುನಾವಣೆಯ ಸಂತೇಮರಹಳ್ಳಿ ಕ್ಷೇತ್ರವನ್ನು ನೆನಪಿಸುತ್ತೇನೆ. ಅಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು, ಎ.ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ಮತದಿಂದ.

ಮತದಾನದ ಅವಧಿ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತವರಿಗೆಲ್ಲ ನನ್ನ ಸಹಿಯಿರುವ ಚೀಟಿ ಕೊಡುತ್ತೇನೆ, ಸಾಲಿನ ಕೊನೆಯವರಿಂದ ಶುರುಮಾಡಿ. ಮುಂದಿನಿಂದ ಕೊಡುತ್ತಾ ಹೋದರೆ ಹಿಂದೆ ಹೊಸಬರು ಸೇರಿಕೊಳ್ಳುತ್ತಲೇ ಇರುತ್ತಾರೆ. ಒಮ್ಮೆ ಸ್ಥಳೀಯ ಮುಖಂಡರೊಬ್ಬರು ತಡವಾಗಿ ಜೀಪಿನಲ್ಲಿ ಕೆಲವರನ್ನು ಕರೆತಂದು, ಬಿಡಲೇಬೇಕೆಂದು ಪಟ್ಟುಹಿಡಿದರು. ಚೀಟಿ ಇದ್ದವರಿಗೆ ಎಷ್ಟು ರಾತ್ರಿಯಾದರೂ ಅವಕಾಶ, ಇಲ್ಲದವರಿಗೆ ಇಲ್ಲ ಎಂದೆ. ಹಲವು ಮತಗಟ್ಟೆಗಳನ್ನು ನೋಡಿಕೊಳ್ಳುವ ಸೆಕ್ಟರ್ ಅಧಿಕಾರಿಗೆ ಕರೆ ಮಾಡಿ, ನಡೆದದ್ದನ್ನು ದಿನಚರಿಯಲ್ಲಿ ಬರೆದೆ. ಬರೆಯುವುದನ್ನು ಕಂಡ ಮೇಲೆ ಅವರ ಧ್ವನಿ ತಗ್ಗಿತು.

ಕೊನೆಗೆ ಯಂತ್ರದಲ್ಲಿ ಮತದಾನ ಮುಗಿಸುವ ಕ್ಲೋಸ್ ಗುಂಡಿ, ಆಮೇಲೆ ಮತಗಳ ಲೆಕ್ಕದ ನಮೂನೆ 17ಸಿ. ಒಟ್ಟು ಎಷ್ಟು ಮತ ಬಿದ್ದಿವೆ ಎಂದು ತುಂಬಿ, ಸಹಿ ಮಾಡಿ, ಹಾಜರಿರುವ ಪ್ರತಿ ಏಜೆಂಟರಿಗೂ ಪ್ರತಿ ಕೊಡಬೇಕು. ಊಟದ ಆತುರದಲ್ಲಿ ಎದ್ದು ಹೊರಡುವ ಹುಡುಗರನ್ನು ನಾನು ಕರೆದು ಕೂರಿಸುತ್ತೇನೆ. ಎಣಿಕೆಯ ದಿನ ಯಂತ್ರ ತೋರಿಸುವ ಒಟ್ಟು ಸಂಖ್ಯೆಯನ್ನು ಹೋಲಿಸಿ ನೋಡಲು ಅವರ ಪಕ್ಷದ ಕೈಯಲ್ಲಿರುವುದು ಆ ಒಂದು ಹಾಳೆ. ನಿಮ್ಮ ಊರಿನಲ್ಲಿ ನೀವು ಏಜೆಂಟರಾಗಿ ಕುಳಿತರೆ, ಅದನ್ನು ಕೇಳಿ ಪಡೆದು, ಅಂಕಿ ಓದಿ ನೋಡಿ, ಆಮೇಲೆ ಮನೆಗೆ ಹೋಗಿ.