ಆನೆಗೊಂದಿಯಿಂದ ಸಾಣಾಪುರಕ್ಕೆ ಬಂಡಿದಾರಿ ಹಿಡಿದು

ಕೊಪ್ಪಳ ಜಿಲ್ಲೆಯ ಆನೆಗೊಂದಿಗೆ ಬರುವವರಲ್ಲಿ ಹೆಚ್ಚಿನವರು ಅಂಜನಾದ್ರಿ ಹತ್ತಿ, ಪಂಪಾ ಸರೋವರ ನೋಡಿ, ಸಾಣಾಪುರ ಕೆರೆಯ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಡಾಂಬರು ರಸ್ತೆಯಿದೆ, ಆಟೋ ಇದೆ, ನಡೆಯುವ ಪ್ರಮೇಯವೇ ಬರುವುದಿಲ್ಲ. ಆದರೆ ಎಡಕ್ಕೆ ತುಂಗಭದ್ರೆ, ಬಲಕ್ಕೆ ಬಂಡೆಗಲ್ಲಿನ ಬೆಟ್ಟಸಾಲು ಇರುವ ಈ ಸಪೂರ ಪಟ್ಟಿಯಲ್ಲಿ ಭತ್ತದ ಗದ್ದೆ, ಬಾಳೆತೋಟ, ಕುರುಚಲು ಕಾಡುಗಳ ನಡುವೆ ಹಳೆಯ ಬಂಡಿದಾರಿ, ಕಾಲುದಾರಿಗಳು ಇನ್ನೂ ಉಳಿದುಕೊಂಡಿವೆ. ನಾನು ಗಂಗಾವತಿ ಸೀಮೆಯಲ್ಲಿ ಭೂಮಾಪಕನಾಗಿ ಸರಪಳಿ ಎಳೆದು ನಿವೃತ್ತನಾದವನು. ನಡೆಯಲು ಆಸೆಯಿದ್ದವರೆಲ್ಲ ನನ್ನನ್ನು ಕೇಳುವುದು ಒಂದೇ: ಪರರ ಹೊಲದಲ್ಲಿ ಹಾದುಹೋದರೆ ಬೈಯುವುದಿಲ್ಲವೇ? ಬೈಯುತ್ತಾರೆ, ಬೈಯಬೇಕು ಕೂಡ. ಅದಕ್ಕೇ ಪರರ ಹೊಲಕ್ಕೆ ಕಾಲಿಡದೆ ನಡೆಯುವುದನ್ನು ಮೊದಲು ಕಲಿಯಬೇಕು.

ಮನೆಯಲ್ಲಿ ಕುಳಿತೇ ಮಾಡಬೇಕಾದ ಕೆಲಸವಿದು: ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕಾಶೆಗಳು ಸಿಗುತ್ತವೆ. ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿ ಆನೆಗೊಂದಿ ಮತ್ತು ಸಾಣಾಪುರದ ಹಾಳೆಗಳನ್ನೂ ನಡುವಿನ ಊರುಗಳ ಹಾಳೆಗಳನ್ನೂ ಇಳಿಸಿಕೊಳ್ಳಿ. ಮೊಬೈಲಿನಲ್ಲಿ ಹಿಗ್ಗಿಸಿ ನೋಡುವ ಬದಲು ದೊಡ್ಡ ಕಾಗದದಲ್ಲಿ ಮುದ್ರಿಸಿಕೊಂಡರೆ ಕಣ್ಣಿಗೂ ಹಿತ, ಬಿಸಿಲಿನಲ್ಲೂ ಕಾಣುತ್ತದೆ. ಅದರಲ್ಲಿ ಚುಕ್ಕಿಗಳ ಒಂಟಿ ಸಾಲು ಕಂಡರೆ ಕಾಲುದಾರಿ. ಚುಕ್ಕಿಗಳ ಜೋಡಿ ಸಾಲು ಕಂಡರೆ ಬಂಡಿದಾರಿ. ಹಳ್ಳ, ಕಾಲುವೆ, ಕೆರೆ, ಊರಿನ ಗಾವಠಾಣ (ಮನೆಗಳಿರುವ ಜಾಗ) ಎಲ್ಲವೂ ಗುರುತಾಗಿರುತ್ತವೆ. ಜೋಡಿ ಚುಕ್ಕಿಗಳ ಮೇಲೆ ಬಣ್ಣದ ಪೆನ್ನು ಎಳೆದುಕೊಂಡು ಹೋದರೆ ನಿಮ್ಮ ದಿನದ ನಡಿಗೆ ತಾನಾಗಿಯೇ ಮೂಡುತ್ತದೆ.

ಇದಕ್ಕೆ ಜೊತೆಯಾಗಿ ದಿಶಾಂಕ್ ಆ್ಯಪ್ ಇರಲಿ. ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಹತ್ತಿಪ್ಪತ್ತು ಅಡಿ ಆಚೀಚೆ ಆಗಬಹುದು, ಆದ್ದರಿಂದ ಅದನ್ನು ನಂಬಿ ಗಡಿ ತಂಟೆ ತೀರ್ಮಾನಿಸಲು ಹೋಗಬೇಡಿ. ದಾರಿ ತಪ್ಪದಿರಲು ಅಷ್ಟು ಸಾಕು. ಉಳುಮೆಗೆ ಬಾರದ ಜಾಗಕ್ಕೆ ಖರಾಬು ಎನ್ನುತ್ತಾರೆ. ಪಹಣಿಯಲ್ಲಿ 'ಬ' ಖರಾಬು ಎಂದು ಬರೆದ ಜಾಗ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. 'ಅ' ಖರಾಬು ಹಾಗಲ್ಲ, ಉಳುಮೆಗೆ ಬಾರದ್ದಾದರೂ ಅದು ಹೊಲದವನದೇ. ಈ ಒಂದು ಅಕ್ಷರದ ಮೇಲೆ ನಮ್ಮ ಕಡೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಕಂಡಿದ್ದೇನೆ.

ನಕಾಶೆಯಲ್ಲಿದ್ದ ದಾರಿ ನೆಲದ ಮೇಲೆ ಇಲ್ಲದಿರುವುದೂ ಉಂಟು. ವರ್ಷಕ್ಕೊಂದು ಸಾಲು ಎಂದು ಉಳುತ್ತ ಉಳುತ್ತ ದಾರಿಯನ್ನೇ ನುಂಗಿರುತ್ತಾರೆ. ಅಂಥ ಕಡೆ ಕಾಗದ ತೆಗೆದು ತೋರಿಸಿ ವಾದಕ್ಕಿಳಿಯಬೇಡಿ. ನೀವು ನಡೆಯಲು ಬಂದವರು, ಮೋಜಣಿಗೆ, ಅಂದರೆ ಭೂಮಿ ಅಳೆಯಲು, ಬಂದವರಲ್ಲ. ಹಿಂದಕ್ಕೆ ಬಂದು ಕಾಲುವೆಯ ಏರಿಯನ್ನು, ಅಂದರೆ ದಂಡೆಯನ್ನು, ಹಿಡಿಯಿರಿ.

ಕಾಲ ಯಾವುದು ಎನ್ನುವುದು ಮುಖ್ಯ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿಗೆ ಬಂಡೆಗಳು ಕಾದು, ಸೂರ್ಯ ಮುಳುಗಿದ ಮೇಲೂ ಝಳ ಬಿಡುತ್ತವೆ; ಆಗ ಬರುವುದೇ ಬೇಡ. ಮಳೆಗಾಲದಲ್ಲಿ ಹಸಿರು ಚೆಂದ, ಆದರೆ ನಾಟಿಯ ಹೊತ್ತಿಗೆ ಬಂಡಿದಾರಿಗಳು ಟ್ರ್ಯಾಕ್ಟರಿನ ಕೇಜ್ ವೀಲ್‌ಗೆ ಸಿಕ್ಕಿ ಮೊಣಕಾಲುದ್ದದ ಕೆಸರಾಗುತ್ತವೆ. ಭತ್ತ ಹಣ್ಣಾಗಿ ಕೊಯ್ಲು ಯಂತ್ರಗಳು ಇಳಿಯುವ ಹೊತ್ತು ನನಗೆ ಎಲ್ಲಕ್ಕಿಂತ ಇಷ್ಟ. ಕೊಯ್ದ ಗದ್ದೆಗಳಿಗೆ ದೂರದೂರುಗಳಿಂದ ಬಾತುಕೋಳಿ ಸಾಕುವವರು ಹಿಂಡು ಹೊಡೆದುಕೊಂಡು ಬಂದು, ಉದುರಿದ ಕಾಳು ಮೇಯಿಸುತ್ತಾರೆ. ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಮಾತ್ರ ಈ ಕಡೆ ಬರಬೇಡಿ, ಅಂಜನಾದ್ರಿಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಶನಿವಾರ, ಭಾನುವಾರಗಳೂ ಹೆಚ್ಚುಕಡಿಮೆ ಹಾಗೆಯೇ.

ಗಂಗಾವತಿಯಿಂದ ಬೆಳಗಿನ ಬಸ್ಸು ಹಿಡಿದು ಆನೆಗೊಂದಿಯ ಗಗನ ಮಹಲಿನ ಬಳಿ ಇಳಿದು, ಪಶ್ಚಿಮಕ್ಕೆ ನಡೆಯಿರಿ. ಸಾಣಾಪುರದಿಂದ ಈಚೆಗೆ ಬರುವವರೂ ಇದ್ದಾರೆ, ಅವರು ಬೆಳಗೆಲ್ಲ ಸೂರ್ಯನನ್ನು ಕಣ್ಣಿಗೆ ಹಾಕಿಕೊಂಡು ನಡೆಯಬೇಕಾಗುತ್ತದೆ. ಸುತ್ತು ಬಳಸಿದರೂ ಹತ್ತು ಕಿಲೋಮೀಟರಿನ ಆಸುಪಾಸು. ನಿಂತು ನೋಡುತ್ತ ಹೋದರೆ ನಾಲ್ಕು ತಾಸು ಬೇಕು. ದೂರ ಅಳೆಯಲು ನಮ್ಮ ವೃತ್ತಿಯ ಉಪಾಯವೊಂದು: ಮೋಜಣಿಯ ಸರಪಳಿ ಮೂವತ್ತಮೂರು ಅಡಿ, ಅಂದರೆ ಹತ್ತು ಮೀಟರು. ಸಾಧಾರಣ ಆಳಿನ ಹದಿಮೂರು ಹೆಜ್ಜೆಗೆ ಒಂದು ಸರಪಳಿ, ನೂರು ಸರಪಳಿಗೆ ಒಂದು ಕಿಲೋಮೀಟರು. ಜೇಬಿನಲ್ಲಿ ಹತ್ತು ಹುಣಸೆಬೀಜ ಇಟ್ಟುಕೊಂಡು ಹತ್ತು ಸರಪಳಿಗೊಂದು ಈ ಜೇಬಿನಿಂದ ಆ ಜೇಬಿಗೆ ಹಾಕಿದರೆ ಲೆಕ್ಕ ತಪ್ಪುವುದಿಲ್ಲ. ಬ್ಯಾಟರಿಯೂ ಬೇಡ.

ಹೆಚ್ಚು ದೂರ ನೀವು ಕಾಲುವೆ ಏರಿಯ ಮೇಲೆಯೇ ಇರುತ್ತೀರಿ. ಇಲ್ಲಿ ಎರಡು ಬಗೆಯ ಕಾಲುವೆಗಳಿವೆ. ತಗ್ಗಿನಲ್ಲಿ, ನದಿಗೆ ಹತ್ತಿರವಾಗಿ ಅಂಕುಡೊಂಕಾಗಿ ಹರಿಯುವುದು ವಿಜಯನಗರದ ಕಾಲದ್ದು. ನದಿಗೆ ಅಡ್ಡಲಾಗಿ ಬಂಡೆಗಳನ್ನು ಪೇರಿಸಿ ಕಟ್ಟಿದ ಒಡ್ಡಿನಿಂದ ಹೊರಟು, ದೊಡ್ಡ ಬಂಡೆ ಎದುರಾದಲ್ಲೆಲ್ಲ ಅದನ್ನು ಒಡೆಯದೆ ಸುತ್ತಿಕೊಂಡು ಹೋಗುತ್ತದೆ. ಮೇಲ್ಭಾಗದಲ್ಲಿ ಅಗಲವಾಗಿ, ಗೆರೆ ಎಳೆದಂತೆ ಬರುವುದು ತುಂಗಭದ್ರಾ ಎಡದಂಡೆ ಕಾಲುವೆ. ಎಲ್ಲರೂ ಕೆರೆ ಎಂದು ಕರೆಯುವ ಸಾಣಾಪುರದ ನೀರು ಈ ಎಡದಂಡೆ ಕಾಲುವೆಯ ಸಮತೋಲನ ಜಲಾಶಯ. ಹಳೆಯ ಕಾಲುವೆಗಳಿಗೂ ಈಚೆಗೆ ಹಲವೆಡೆ ಕಾಂಕ್ರೀಟ್ ಹಾಕಿದ್ದಾರೆ. ನೀರು ಸೋರುವುದು ನಿಂತಿತು, ಸರಿ. ಆದರೆ ಜಾರಿ ಬಿದ್ದವನಿಗೆ ಹಿಡಿಯಲು ಹುಲ್ಲೆಸಳೂ ಇಲ್ಲ. ಮಕ್ಕಳನ್ನು ಹೊಲದ ಬದಿಗೆ ನಡೆಸಿ. ಕಾಲುವೆಯಲ್ಲಾಗಲೀ ಸಾಣಾಪುರದಲ್ಲಾಗಲೀ ಈಜಲು ಇಳಿಯಲೇಬೇಡಿ, ಎಷ್ಟೇ ಬಲ್ಲವರಾದರೂ.

ಗದ್ದೆ ದಾಟಲೇಬೇಕಾದ ಕಡೆ ಬದುವಿನ ಮೇಲೆ ಹೋಗುವುದನ್ನು ಕಲಿಯಬೇಕು. ಮೇಲಿನ ಮಡಿಯಿಂದ ಕೆಳಗಿನ ಮಡಿಗೆ ನೀರು ಇಳಿಯಲು ಬದುವಿನಲ್ಲಿ ಒಂದು ಗೇಣಿನ ಕಂಡಿ ಬಿಟ್ಟಿರುತ್ತಾರೆ. ನೀರು ನಿಲ್ಲಿಸಬೇಕಾದಾಗ ಅದಕ್ಕೆ ಹುಲ್ಲು ತುರುಕಿ ಮೇಲೆ ಒಂದು ಸಲಿಕೆ ಕೆಸರು ಬಡಿದಿರುತ್ತಾರೆ. ಒಣಗಿದ ಮೇಲೆ ಅದು ಉಳಿದ ಬದುವಿನಂತೆಯೇ ಕಾಣುತ್ತದೆ, ಅಂಚಿನಲ್ಲಿ ಇಣುಕುವ ಹುಲ್ಲಿನ ಎಸಳಷ್ಟೇ ಗುರುತು. ಅಲ್ಲಿ ಕಾಲಿಟ್ಟರೆ ಕಂಡಿ ಕಿತ್ತು, ನೀವು ಬಸ್ಸು ಹತ್ತುವಷ್ಟರಲ್ಲಿ ರೈತನ ಒಂದು ಮಡಿ ಬರಿದಾಗಿರುತ್ತದೆ. ಹಾರಿ ದಾಟಿ. ಏಡಿಯ ಬಿಲಗಳಿರುವ ಬದುವೂ ಒಳಗೆ ಟೊಳ್ಳಾಗಿರುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವವರು ಕಂಡರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಅದಕ್ಕೆ ಎದುರಾಗಿ ಸುತ್ತು ಹಾಕಿ.

ಚಪ್ಪಲಿ ಬೇಡವೇ ಬೇಡ. ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿ ಹಿಮ್ಮಡಿಗೆ ಇಳಿಯುತ್ತದೆ, ಮುರಿದರೆ ಒಳಗೇ ಕೀವಾಗುತ್ತದೆ. ದಪ್ಪ ಅಟ್ಟೆಯ ಬೂಟು, ಒಂದು ಚಿಮುಟ, ಕೈಯಲ್ಲಿ ಬಿದಿರು ಕೋಲು. ಕೊಳಕುಮಂಡಲ ಗದ್ದೆಯಂಚಿನ ಹುಲ್ಲಿನಲ್ಲಿ ಮಲಗಿರುತ್ತದೆ, ಕೋಲು ನೆಲಕ್ಕೆ ತಟ್ಟುತ್ತ ನಡೆದರೆ ಸಾಮಾನ್ಯವಾಗಿ ಸರಿದುಕೊಳ್ಳುತ್ತದೆ. ಕಚ್ಚಿದರೆ ಮಂತ್ರ, ಬೇರು ಎಂದು ಕಾಲ ಕಳೆಯದೆ ನೇರವಾಗಿ ಆಸ್ಪತ್ರೆಗೆ. ತಲಾ ಎರಡು ಲೀಟರ್ ನೀರು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಈರುಳ್ಳಿ ಕಟ್ಟಿಕೊಳ್ಳಿ. ಹನುಮನಹಳ್ಳಿಯ ಬಳಿ ಚಹಾ ಸಿಗುತ್ತದೆ.

ದಾರಿ ಕೇಳುವುದಕ್ಕೂ ಒಂದು ರೀತಿಯಿದೆ. "ಅಣ್ಣಾ, ಇದು ಸಾಣಾಪುರದ ದಾರಿಯೇ?" ಎಂದರೆ ಬಂದವರ ಮನಸ್ಸು ನೋಯಿಸಬಾರದೆಂದು ಹೌದು ಎಂದುಬಿಡುತ್ತಾರೆ. "ಅಣ್ಣಾ, ನೀವು ಸಾಣಾಪುರಕ್ಕೆ ಹೇಗೆ ಹೋಗುತ್ತೀರಿ?" ಎಂದು ಕೇಳಿ. ಆಗ ಬೇವಿನ ಮರ, ಪಂಪ್‌ಸೆಟ್ಟು, ಸತ್ತ ಬಾವಿ ಎಲ್ಲವೂ ಬಾಯಿಗೆ ಬರುತ್ತವೆ. "ಇಲ್ಲೇ" ಎಂಬುದನ್ನು ಮಾತ್ರ ದೂರದ ಅಳತೆ ಎಂದು ತೆಗೆದುಕೊಳ್ಳಬೇಡಿ. ಕಳೆ ಕೀಳುತ್ತಿರುವ ಹೆಂಗಸರಿದ್ದರೆ ಹಿರಿಯಳನ್ನು "ಯವ್ವಾ" ಎಂದು ಮೊದಲು ಮಾತನಾಡಿಸಿ, ಆಮೇಲೆ ದಾರಿ ಕೇಳಿ; ಕೇಳದೆ ಫೋಟೊ ತೆಗೆಯಬೇಡಿ. ಎಳ್ಳಮಾವಾಸ್ಯೆಯ ದಿನವೇ ನಡೆಯಲು ಬಂದಿದ್ದರೆ ನಿಮ್ಮ ಬುತ್ತಿ ಬಿಚ್ಚುವ ಅಗತ್ಯವೇ ಬೀಳದು. ಹೊಲಕ್ಕೆ ಎಡೆಯ ಚರಗ ಚೆಲ್ಲಿ ಊಟಕ್ಕೆ ಕುಳಿತವರು ದಾರಿಹೋಕರನ್ನು ಕರೆಯದೆ ಬಿಡುವುದಿಲ್ಲ.

ಬೆಟ್ಟದ ಬುಡದ ಸೀತಾಫಲ, ತಂಗಡಿ, ಕಾರೆ ಪೊದೆಗಳ ಕಡೆಗೆ ತಿರುಗಿದರೆ ನಿಯಮ ಬೇರೆ. ಈ ಬಂಡೆಸಾಲುಗಳಲ್ಲಿ ಚಿರತೆಯೂ ಕರಡಿಯೂ ಇವೆ. ಹೊಸದಾಗಿ ಕೆದರಿದ ಗೆದ್ದಲ ಹುತ್ತ, ಬಾರೆಹಣ್ಣಿನ ಬೀಜ ತುಂಬಿದ ಹಿಕ್ಕೆ ಕಂಡರೆ ಹಿಂದಿರುಗಿ. ಗವಿಗಳೊಳಗೆ ಇಣುಕಬೇಡಿ. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು, ಹೊತ್ತು ಮುಳುಗುವ ಮುಂಚೆ ಊರು ಸೇರಿರಬೇಕು, ಒಬ್ಬರೇ ಹೋಗಬೇಡಿ. ನದಿಯ ಬದಿಗೆ ಇಳಿದವರಿಗೆ ಇನ್ನೊಂದು ಭಾಗ್ಯವಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಪ್ರಾಣಿ ಕಾಣದಿದ್ದರೂ ಚಪ್ಪಟೆ ಬಂಡೆಗಳ ಮೇಲೆ ಮೀನಿನ ಪೊರೆ, ಏಡಿಯ ಚಿಪ್ಪು ಬೆರೆತು ಬಿಸಿಲಿಗೆ ಬೆಳ್ಳಗಾದ ಹಿಕ್ಕೆ ಕಾಣುತ್ತದೆ. ಹತ್ತಿರ ಹೋದರೆ ಮೀನುಪೇಟೆಯ ವಾಸನೆ.

ಸಾಣಾಪುರದ ದಾರಿ ಕಾಲಿಗೆ ಹತ್ತಿದವರು ಇನ್ನೊಂದು ದಿನ ಹಿರೇಬೆಣಕಲ್‌ಗೆ ಹೋಗಿ. ಊರ ಹೊಲಗಳನ್ನು ದಾಟಿ, ಬಂಡೆಗಳ ನಡುವೆ ಏರುತ್ತ ಹೋದರೆ ಮೇಲೆ ಬಯಲಾದ ಜಾಗದಲ್ಲಿ ಶಿಲಾಯುಗದ ಕೊನೆ, ಕಬ್ಬಿಣದ ಯುಗದ ಜನ ಕಲ್ಲುಚಪ್ಪಡಿಗಳಿಂದ ಕಟ್ಟಿದ ನೂರಾರು ಸಮಾಧಿಮನೆಗಳಿವೆ. ನಮ್ಮವರು ಅವನ್ನು ಮೊರೇರ ಮನೆಗಳೆನ್ನುತ್ತಾರೆ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ತಾಣವಿದು. ಚಪ್ಪಡಿಗಳನ್ನು ಎಬ್ಬಿಸಿದ ಬಂಡೆ ಪಕ್ಕದಲ್ಲೇ ಇದೆ. ಅಳತೆಯ ಕೆಲಸ ಮಾಡಿದವನಿಗೆ ಗೋರಿಗಳಿಗಿಂತ ಆ ಕಲ್ಲು ಸೀಳಿದ ಜಾಗವನ್ನೇ ನೋಡುತ್ತ ಕೂರಬೇಕೆನಿಸುತ್ತದೆ. ಚಪ್ಪಡಿಗಳ ಮೇಲೆ ಹತ್ತಬೇಡಿ, ಒರಗಲೂ ಬೇಡಿ. ಮೇಲೆ ನೀರು, ಅಂಗಡಿ ಯಾವುದೂ ಇಲ್ಲ, ಕವಲುದಾರಿಗಳು ಬಹಳ. ಊರಿನ ಯಾರಾದರೊಬ್ಬರನ್ನು ಕೂಲಿ ಮಾತಾಡಿಕೊಂಡು ಜೊತೆಗೆ ಕರೆದೊಯ್ಯುವುದೇ ಸರಿ. ಮಧ್ಯಾಹ್ನ ಮೂರಕ್ಕೆ ಇಳಿಯಲು ಶುರುಮಾಡಿ ಗಂಗಾವತಿ–ಕೊಪ್ಪಳ ರಸ್ತೆಗೆ ಬಂದು ನಿಂತರೆ ಬಸ್ಸು ಸಿಗುತ್ತದೆ. ವೇಗದೂತಕ್ಕೆ ಕೈ ಮಾಡಿ ಬೇಸರಪಡಬೇಡಿ, ಹಿಂದೆ ಸಾದಾ ಬಸ್ಸು ಬರುತ್ತಿರುತ್ತದೆ.