ಆಟೋಕ್ಯಾಡ್‌ನಲ್ಲಿ ಬಿಂದು ತಪ್ಪದಿರಲು ಎಡಗೈಗೂ ಕೆಲಸ ಕೊಡಿ

ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಆಟೋಕ್ಯಾಡ್ ಸಾಫ್ಟ್‌ವೇರಿನಲ್ಲಿ ಎಳೆದ ಮನೆ ಪ್ಲ್ಯಾನ್‌ನಲ್ಲಿ ಎರಡು ಗೋಡೆ ಗೆರೆಗಳು ಕೂಡಿದ ಹಾಗೇ ಕಾಣುತ್ತವೆ. ಝೂಮ್ ಮಾಡಿದರೆ ನಡುವೆ ಸಣ್ಣ ಸಂದು. ಒಳಜಾಗ ತುಂಬುವ ಗೀರುಗಳನ್ನು, ಅಂದರೆ ಹ್ಯಾಚ್, ಹಾಕಲು ಹೋದರೆ ಸುತ್ತುಗೆರೆ ಮುಚ್ಚಿಲ್ಲ ಎಂದು ಆಟೋಕ್ಯಾಡ್ ತಕರಾರು ತೆಗೆಯುತ್ತದೆ. 3000 ಮಿ.ಮೀ. ಇರಬೇಕಾದ ಕೋಣೆಯ ಅಳತೆ 2998.6 ಎಂದು ಬರುತ್ತದೆ. ಕಣ್ಣಂದಾಜಿನಲ್ಲಿ ಕ್ಲಿಕ್ ಮಾಡಿದರೆ ಆಗುವುದು ಇದೇ. ಗೆರೆಯ ತುದಿ, ಮಧ್ಯ, ವೃತ್ತದ ಕೇಂದ್ರ ಇಂಥವನ್ನು ಸರಿಯಾಗಿ ಹಿಡಿದುಕೊಡಲು ಆಬ್ಜೆಕ್ಟ್ ಸ್ನ್ಯಾಪ್ ಇದೆ.

ಮೊದಲು ಎಫ್3 ಒತ್ತಿ. ಸ್ನ್ಯಾಪ್ ಆನ್ ಆಗುತ್ತದೆ, ಮತ್ತೆ ಒತ್ತಿದರೆ ಆಫ್. ಗೆರೆ ಎಳೆಯುತ್ತಿರುವಾಗಲೂ ಒತ್ತಬಹುದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್ಎನ್ ಕೀ ಹಿಡಿಯಬೇಕು. ಕರ್ಸರ್ ಕುಪ್ಪಳಿಸುತ್ತಾ ಓಡಿದರೆ ಗಾಬರಿ ಬೇಡ, ಕೈ ತಪ್ಪಿ ಎಫ್9 ಒತ್ತಿರುತ್ತೀರಿ. ಅದು ಗ್ರಿಡ್‌ಗೆ ಅಂಟಿಸುವ ಬೇರೆಯೇ ಸ್ನ್ಯಾಪ್.

ಮುಂದೆ ಓಎಸ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಸ್ನ್ಯಾಪ್‌ಗಳ ಪಟ್ಟಿ ತೆರೆಯುತ್ತದೆ. ಇರಲಿ ಅಂತ ಎಲ್ಲಕ್ಕೂ ಟಿಕ್ ಹಾಕಿಬಿಡುವವರೇ ಜಾಸ್ತಿ, ಅಲ್ವಾ? ಹಾಗೆ ಮಾಡಿದರೆ ಬೇಕಾದ ಬಿಂದುವಿನ ಪಕ್ಕದಲ್ಲಿ ಬೇಡದ್ದೂ ಕರ್ಸರನ್ನು ಎಳೆಯುತ್ತದೆ. ಎಂಡ್‌ಪಾಯಿಂಟ್, ಮಿಡ್‌ಪಾಯಿಂಟ್, ಸೆಂಟರ್, ಇಂಟರ್‌ಸೆಕ್ಷನ್ ಸಾಕು. ನಿಯರೆಸ್ಟ್ ಮಾತ್ರ ಖಂಡಿತ ಆಫ್ ಇರಲಿ. ಅದು ಗೆರೆಯ ಮೇಲೆ ಎಲ್ಲೆಂದರಲ್ಲಿ ಹಿಡಿಯುತ್ತದೆ. ಮೂಲೆಗೆ ತಾಗಿದೆ ಎಂದುಕೊಂಡಿದ್ದು ಮೂಲೆಯ ಪಕ್ಕಕ್ಕೆ ಬಿದ್ದಿರುತ್ತದೆ. ಕರ್ಸರ್ ಬಳಿ ಮೂಡುವ ಗುರುತನ್ನು ನೋಡಿ ಕ್ಲಿಕ್ ಮಾಡಿ: ಚೌಕ ಅಂದರೆ ತುದಿ, ತ್ರಿಕೋನ ಅಂದರೆ ಮಧ್ಯ.

ಉಳಿದವನ್ನು ಬೇಕಾದಾಗ ಎಡಗೈಯಲ್ಲಿ ಕೀಬೋರ್ಡಿನಿಂದ ಕರೆಯಿರಿ. ನಿಜವಾದ ವೇಗ ಬರುವುದು ಇಲ್ಲೇ. ಒಂದು ಗೋಡೆಗೆ ಲಂಬವಾಗಿ ಗೆರೆ ಬೇಕು ಅನ್ನಿ. ಎಲ್ (ಗೆರೆ ಎಳೆಯುವ ಕಮಾಂಡ್), ಎಂಟರ್, ಮೊದಲ ಬಿಂದು ಕ್ಲಿಕ್. ಮುಂದಿನ ಬಿಂದು ಕೇಳಿದಾಗ ಪಿಇಆರ್ ಟೈಪ್ ಮಾಡಿ, ಎಂಟರ್ ಒತ್ತಿ, ಗೋಡೆ ಗೆರೆಯ ಮೇಲೆ ಕ್ಲಿಕ್ ಮಾಡಿ. ಈ ಆದೇಶ ಆ ಒಂದು ಬಿಂದುವಿಗೆ ಮಾತ್ರ, ಆಮೇಲೆ ನಿಮ್ಮ ಮಾಮೂಲಿ ಸ್ನ್ಯಾಪ್‌ಗಳೇ ವಾಪಸ್. ಕಮಾಂಡ್ ಬಿಂದು ಕೇಳದೆ ಇರುವಾಗ ಸುಮ್ನೆ ಪಿಇಆರ್ ಟೈಪ್ ಮಾಡಿದರೆ ಕೆಲಸವಾಗದು. ಹೀಗೆಯೇ ಟಿಎಎನ್ ಸ್ಪರ್ಶರೇಖೆಗೆ, ಕ್ಯುಯುಎ ವೃತ್ತದ ನಾಲ್ಕು ದಿಕ್ಕಿನ ಬಿಂದುಗಳಿಗೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ್ದು ಎಂ2ಪಿ, ಅಂದರೆ ಎರಡು ಬಿಂದುಗಳ ನಡುಬಿಂದು ಹಿಡಿಯುವುದು. ಕೋಣೆಯ ನಟ್ಟನಡುವೆ ಫ್ಯಾನ್ ಕೂರಿಸಬೇಕು. ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಅದರ ಮಧ್ಯ ಹಿಡಿದು, ಮತ್ತೆ ಗೆರೆ ಅಳಿಸುವ ಕಷ್ಟ ಯಾಕೆ? ಮೂವ್ ಕಮಾಂಡಿನಲ್ಲಿ ಫ್ಯಾನ್‌ನ ಕೇಂದ್ರ ಹಿಡಿಯಿರಿ. ಎಲ್ಲಿಗೆ ಎಂದು ಕೇಳಿದಾಗ ಎಂ2ಪಿ, ಎಂಟರ್. ಎದುರುಬದುರಿನ ಎರಡು ಮೂಲೆಗಳನ್ನು ಕ್ಲಿಕ್ ಮಾಡಿ. ಫ್ಯಾನ್ ನಡುವೆ ಕೂತಿರುತ್ತದೆ.

ಬಾಗಿಲು ಮೂಲೆಯಿಂದ 100 ಮಿ.ಮೀ. ಬಿಟ್ಟು ಶುರುವಾಗಬೇಕಿದ್ದರೆ ಎಫ್ಆರ್‌ಓ ಇದೆ. ಎಲ್, ಎಂಟರ್, ಎಫ್ಆರ್‌ಓ, ಎಂಟರ್, ಮೂಲೆಯ ಮೇಲೆ ಕ್ಲಿಕ್. ಆಮೇಲೆ @100,0 ಕೊಟ್ಟು ಎಂಟರ್. ಮೂಲೆಯಿಂದ ಬಲಕ್ಕೆ 100 ಮಿ.ಮೀ. ದೂರದಲ್ಲಿ ಗೆರೆ ಶುರುವಾಗುತ್ತದೆ. @ ಗುರುತು ಮರೆತರೆ ಡ್ರಾಯಿಂಗಿನ ಮೂಲಬಿಂದುವಿನಿಂದ ಅಳೆದು ಗೆರೆ ಎಲ್ಲೋ ಹೋಗಿ ಬೀಳುತ್ತದೆ.

ಗೆರೆಗಳು ಒತ್ತೊತ್ತಾಗಿದ್ದ ಕಡೆ ಕರ್ಸರ್ ಇಟ್ಟು ಟ್ಯಾಬ್ ಒತ್ತುತ್ತಾ ಹೋಗಿ. ಅಲ್ಲಿನ ಸ್ನ್ಯಾಪ್ ಬಿಂದುಗಳು ಒಂದಾದ ಮೇಲೊಂದು ಬರುತ್ತವೆ, ಬೇಕಾದ್ದು ಬಂದಾಗ ಕ್ಲಿಕ್ ಮಾಡಿ. ಅಕ್ಷರಗಳು ನೆನಪಾಗದಿದ್ದರೆ ಶಿಫ್ಟ್ ಹಿಡಿದು ಮೌಸ್‌ನ ಬಲ ಬಟನ್ ಒತ್ತಿ, ಇಡೀ ಪಟ್ಟಿ ಬರುತ್ತದೆ. ಯಾವ ಬಿಂದುವೂ ಬೇಡ, ಕೋಣೆಯ ಹೆಸರನ್ನು ಖಾಲಿ ಜಾಗದಲ್ಲಿ ಇಟ್ಟರೆ ಸಾಕು ಎನ್ನುವಾಗ ಎನ್ಓಎನ್ ಟೈಪ್ ಮಾಡಿ. ಆ ಒಂದು ಕ್ಲಿಕ್ಕಿಗೆ ಎಲ್ಲ ಸ್ನ್ಯಾಪ್‌ಗಳೂ ಸುಮ್ಮನಿರುತ್ತವೆ.